ಡೆಸ್ಕ್‌ಟಾಪ್ ಫೋಟೊ ಫ್ರೇಮ್ ತಂತ್ರಾಂಶ: ಮೆಮೊರಿ ಮತ್ತು ಹೊಸ ಸೌಲಭ್ಯಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪರದೆಯ ಮೂಲೆಯಲ್ಲಿ ಅಂಗೈಯಗಲದ ಒಂದು ಚೌಕಟ್ಟು, ಅದರಲ್ಲಿ ಅರ್ಧ ನಿಮಿಷಕ್ಕೊಂದು ಫೋಟೊ. ಮಾಡುವ ಕೆಲಸ ಇಷ್ಟೇ. ಆದರೂ ಈ ಬಗೆಯ ತಂತ್ರಾಂಶ ಬಳಸುವವರು ಎರಡು ಪ್ರಶ್ನೆಗಳನ್ನು ಬಿಡದೆ ಕೇಳುತ್ತಾರೆ: "ಇಷ್ಟೊಂದು ಮೆಮೊರಿ ಯಾಕೆ ತಿನ್ನುತ್ತೆ?" ಮತ್ತು "ಇದೊಂದು ಸೌಲಭ್ಯ ಸೇರಿಸೋಕಾಗಲ್ವಾ?" ಎರಡನ್ನೂ ಒಂದೇ ಕಡೆ ಇಟ್ಟಿದ್ದೇವೆ. ಯಾವ ಸೌಲಭ್ಯವನ್ನೂ ಮೆಮೊರಿಯ ಲೆಕ್ಕ ಬಿಟ್ಟು ಮಾತಾಡಲಾಗದು. ಇಲ್ಲಿ ಎಂಬಿ ಎಂದರೆ ಹತ್ತು ಲಕ್ಷ ಬೈಟ್. ವಿಂಡೋಸ್ 1024ರ ಗುಣಾಕಾರದಲ್ಲಿ ಎಣಿಸುವುದರಿಂದ ಇಲ್ಲಿನ 48 ಎಂಬಿ ಅಲ್ಲಿ 46ರ ಆಸುಪಾಸು ಕಾಣುತ್ತದೆ.

ಫೋಟೊ ಫೈಲ್ ಇರುವುದೇ 4 ಎಂಬಿ. ಅದನ್ನು ತೋರಿಸಲು 50 ಎಂಬಿ ಯಾಕೆ ಬೇಕು?

ಡಿಸ್ಕಿನಲ್ಲಿ ಇರುವುದು ಒತ್ತಿ ಕಿರಿದು ಮಾಡಿದ ಫೋಟೊ. ಪರದೆಗೆ ಅದು ಹಾಗೇ ಹೋಗುವುದಿಲ್ಲ, ಬಿಡಿಸಿ ಹರಡಬೇಕು. ಬಿಡಿಸಿದಾಗ ಪ್ರತಿ ಪಿಕ್ಸೆಲ್‌ಗೂ ಕೆಂಪು, ಹಸಿರು, ನೀಲಿಗೆ ಒಂದೊಂದು ಬೈಟ್, ಪಾರದರ್ಶಕತೆಗೆ ಇನ್ನೊಂದು, ಹೀಗೆ 4 ಬೈಟ್ ಬೇಕು. ಲೆಕ್ಕ ಸರಳ: ಅಗಲ × ಎತ್ತರ × 4. 12 ಮೆಗಾಪಿಕ್ಸೆಲ್ ಫೋನಿನ 4000×3000 ಫೋಟೊಗೆ 48 ಎಂಬಿ. ಮದುವೆ ಫೋಟೊಗ್ರಾಫರ್ ಕೊಡುವ 6000×4000 ಫೋಟೊಗೆ 96 ಎಂಬಿ. ಫೋನನ್ನು 108 ಮೆಗಾಪಿಕ್ಸೆಲ್ ಮೋಡ್‌ಗೆ ಹಾಕಿ ತೆಗೆದ 12000×9000 ಫೋಟೊ ಆದರೆ 432 ಎಂಬಿ, ಒಂದೇ ಒಂದು ಫೋಟೊಗೆ.

ಹಾಗಾಗಿ ಜೆಪೆಗ್ ಕ್ವಾಲಿಟಿಯನ್ನು 95ರಿಂದ 60ಕ್ಕೆ ಇಳಿಸಿದರೆ ಡಿಸ್ಕಿನಲ್ಲಿ ಜಾಗ ಉಳಿಯುತ್ತದೆ, ಮೆಮೊರಿಯಲ್ಲಿ ಒಂದು ಬೈಟೂ ಉಳಿಯುವುದಿಲ್ಲ. ಮೆಮೊರಿ ಉಳಿಸಬೇಕೆಂದರೆ ಪಿಕ್ಸೆಲ್ ಕಡಿಮೆ ಮಾಡಬೇಕು. ಈ ಪುಟದಲ್ಲಿ ಒಂದೇ ಸಂಗತಿ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ನನ್ನ ಚೌಕಟ್ಟು ಬರೀ 400×300. ಅದಕ್ಕೂ ಪೂರ್ತಿ ಫೋಟೊ ಬಿಡಿಸಬೇಕೆ?

ಜೆಪೆಗ್ ಆದರೆ ಬೇಕಿಲ್ಲ. ಜೆಪೆಗ್ ಫೋಟೊವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಕತ್ತರಿಸಿ ಇಟ್ಟಿರುತ್ತದೆ. ಬಿಡಿಸುವಾಗಲೇ ಅರ್ಧ, ಕಾಲು, ಎಂಟನೇ ಒಂದು ಅಳತೆಗೆ ಇಳಿಸಿಕೊಳ್ಳುವ ಸೌಕರ್ಯ, ಜೆಪೆಗ್ ಬಿಡಿಸಲು ತಂತ್ರಾಂಶಗಳು ಬಳಸುವ ಲಿಬ್‌ಜೆಪೆಗ್ ಲೈಬ್ರರಿಯಲ್ಲೇ ಇದೆ. 4000×3000 ಫೋಟೊವನ್ನು ಎಂಟನೇ ಒಂದಕ್ಕೆ ಬಿಡಿಸಿದರೆ 500×375, ಅಂದರೆ 750 ಕೆಬಿ. ಅದನ್ನು 400×300ಕ್ಕೆ ಹೊಂದಿಸಿದ ಮೇಲೆ ಉಳಿಯುವುದು 480 ಕೆಬಿ. 48 ಎಂಬಿ ಎಲ್ಲಿ, 480 ಕೆಬಿ ಎಲ್ಲಿ! ಬಿಡಿಸುವ ಹೊತ್ತೂ ಕಡಿಮೆಯಾಗುತ್ತದೆ.

ಪಿಎನ್‌ಜಿಗೆ ಈ ಅನುಕೂಲ ಇಲ್ಲ. ಸಾಲು ಸಾಲಾಗಿ ಎಲ್ಲವನ್ನೂ ಬಿಡಿಸಲೇಬೇಕು. ಸಾಲು ಬಂದಂತೆ ಕುಗ್ಗಿಸುತ್ತ ಹೋಗುವ ತಂತ್ರಾಂಶ ಮೆಮೊರಿ ಉಳಿಸಬಹುದು, ಆದರೆ ಹೆಚ್ಚಿನವು ಆ ಶ್ರಮ ತೆಗೆದುಕೊಳ್ಳುವುದಿಲ್ಲ. ಫೋನಿನ ಫೋಟೊಗಳನ್ನು "ಕ್ವಾಲಿಟಿ ಹೋಗಬಾರದು" ಎಂದು ಪಿಎನ್‌ಜಿಗೆ ಬದಲಿಸಿ ಇಡುವವರಿದ್ದಾರೆ. ಫೋಟೊ ಫ್ರೇಮ್‌ಗೆ ಅದರಿಂದ ನಷ್ಟವೇ.

ನಿಮ್ಮ ತಂತ್ರಾಂಶ ಜಾಣತನದಿಂದ ಬಿಡಿಸುತ್ತದೆಯೇ ಎಂದು ತಿಳಿಯಲು ಒಂದೇ ಫೋಟೊವನ್ನು ಜೆಪೆಗ್ ಆಗಿಯೂ ಪಿಎನ್‌ಜಿ ಆಗಿಯೂ ಇಟ್ಟು, ಒಂದೊಂದನ್ನೇ ಚಿಕ್ಕ ಚೌಕಟ್ಟಿನಲ್ಲಿ ತೆರೆದು ನೋಡಿ. ಮೆಮೊರಿ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಜಿಗಿದರೆ ಅದು ಜೆಪೆಗ್‌ನ ಅನುಕೂಲ ಬಳಸುತ್ತಿಲ್ಲ. ಸೌಲಭ್ಯ ಕೇಳುವುದಾದರೆ ಮೊದಲು ಇದನ್ನೇ ಕೇಳಿ.

ಫೋಟೊ ಬದಲಾಗುವ ಹೊತ್ತಿಗೆ ಮೆಮೊರಿ ಮೇಲೆ ಹಾರಿ ಮತ್ತೆ ಇಳಿಯುತ್ತದೆ. ಸರಿಯೇ?

ಸರಿ. ಹೊಸ ಫೋಟೊ ಸಿದ್ಧವಾಗುವವರೆಗೆ ಹಳೆಯದನ್ನು ಕೈಬಿಡುವಂತಿಲ್ಲ, ಬಿಟ್ಟರೆ ಚೌಕಟ್ಟು ಒಂದು ಕ್ಷಣ ಕಪ್ಪಾಗುತ್ತದೆ. ಆ ಹೊತ್ತಿಗೆ ಎರಡೂ ಮೆಮೊರಿಯಲ್ಲಿ ಇರುತ್ತವೆ. ಗ್ರಾಫ್ ಗರಗಸದ ಹಲ್ಲಿನಂತೆ ಏರಿಳಿದು, ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ತಳಕ್ಕೆ ಬಂದು ನಿಂತರೆ ಚಿಂತೆ ಬೇಡ. ಮೆಟ್ಟಿಲಿನಂತೆ ಏರುತ್ತಲೇ ಹೋದರೆ ಮಾತ್ರ ಸಂಶಯಪಡಿ: ಬೇಡವಾದ ಮೆಮೊರಿಯನ್ನು ಬಿಡುಗಡೆ ಮಾಡದ ದೋಷ, ಅಂದರೆ ಸೋರಿಕೆ, ಇರಬಹುದು.

ಕೆಲವು ಜೆಪೆಗ್‌ಗಳಿಗೆ ಮಾತ್ರ ಜಿಗಿತ ವಿಪರೀತ ಇದ್ದರೆ ಅವು ಪ್ರೋಗ್ರೆಸಿವ್ ಜೆಪೆಗ್ ಇರಬಹುದು. ಅಂಥ ಫೈಲಿನಲ್ಲಿ ಇಡೀ ಫೋಟೊ ಮೊದಲು ಮಸುಕಾಗಿ, ಆಮೇಲೆ ಹಂತ ಹಂತವಾಗಿ ಸ್ಪಷ್ಟವಾಗಿ ಬರುವಂತೆ ಮಾಹಿತಿ ಜೋಡಿಸಿರುತ್ತದೆ. ಕೊನೆಯ ಹಂತ ಬರುವವರೆಗೆ ಎಲ್ಲವನ್ನೂ ಹಿಡಿದಿಟ್ಟುಕೊಳ್ಳಬೇಕು. 24 ಮೆಗಾಪಿಕ್ಸೆಲ್‌ನ ಸಾಮಾನ್ಯ ಫೋಟೊಗೆ ಇದೊಂದಕ್ಕೇ 72 ಎಂಬಿ ಆಗುತ್ತದೆ, ಎಂಟನೇ ಒಂದಕ್ಕೆ ಬಿಡಿಸಿದರೂ ಅಷ್ಟೇ. ವಿಂಡೋಸ್‌ನ ಫೋಟೊ ತಂತ್ರಾಂಶ ಇರ್ಫಾನ್‌ವ್ಯೂನಲ್ಲಿ ಜೆಪೆಗ್ ಉಳಿಸುವಾಗ ಪ್ರೋಗ್ರೆಸಿವ್ ಎಂಬ ಟಿಕ್ ತೆಗೆದು ಮತ್ತೆ ಉಳಿಸಿದರೆ ಸಾಕು.

ನಿಜವಾಗಿಯೂ ಸೋರಿಕೆ ಇದೆಯೇ ಎಂದು ಹೇಗೆ ಖಚಿತ ಮಾಡಿಕೊಳ್ಳುವುದು?

ಒಂದೇ ಅಳತೆಯ 10 ಫೋಟೊಗಳನ್ನು ಹೊಸ ಫೋಲ್ಡರ್‌ಗೆ ಹಾಕಿ. ಬದಲಾವಣೆಯ ಅವಧಿಯನ್ನು 5 ಸೆಕೆಂಡ್‌ಗೆ ಇಳಿಸಿ. ಒಂದು ಸುತ್ತು ಮುಗಿಯಲಿ, ಅಂದರೆ 50 ಸೆಕೆಂಡ್; ಮೊದಲ ಸುತ್ತಿನಲ್ಲಿ ಕ್ಯಾಶ್ (ಮತ್ತೆ ಬೇಕಾದೀತೆಂದು ಮೆಮೊರಿಯಲ್ಲಿ ಇಟ್ಟುಕೊಂಡದ್ದು), ಫಾಂಟ್, ಲೈಬ್ರರಿ ಎಲ್ಲ ತುಂಬಿಕೊಳ್ಳುವುದರಿಂದ ಏರಿಕೆ ಸಹಜ. ಅಲ್ಲಿಂದ 10 ನಿಮಿಷಕ್ಕೊಮ್ಮೆ, ಒಂದು ಗಂಟೆ ಕಾಲ ಮೆಮೊರಿಯ ಅಂಕಿ (ಯಾವುದೆಂದು ಮುಂದಿನ ಪ್ರಶ್ನೆಯಲ್ಲಿದೆ) ಬರೆದುಕೊಳ್ಳಿ. ಗಂಟೆಗೆ 720 ಬದಲಾವಣೆ ಆಗುತ್ತದೆ. ಮೆಮೊರಿ 360 ಎಂಬಿ ಏರಿದ್ದರೆ ಪ್ರತಿ ಫೋಟೊಗೆ ಅರ್ಧ ಎಂಬಿ ಸೋರಿದೆ ಎಂದಾಯಿತು. ಚೌಕಟ್ಟು 400×300 ಇದ್ದು ಈ ಲೆಕ್ಕವೂ 480 ಕೆಬಿ ಹತ್ತಿರ ಬಂದರೆ, ಕುಗ್ಗಿಸಿದ ಪ್ರತಿಯನ್ನು ಬಿಡುಗಡೆ ಮಾಡುವುದನ್ನು ಮರೆತಿದ್ದಾರೆ ಎಂದು ಊಹಿಸಬಹುದು. ತಂತ್ರಾಂಶ ಬರೆಯುವವರಿಗೆ ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ವಿಂಡೋಸ್‌ನಲ್ಲಿ ಇನ್ನೊಂದು ಬಗೆಯ ಸೋರಿಕೆ ಇದೆ, ಅದು ಎಂಬಿ ಲೆಕ್ಕದಲ್ಲಿ ಎದ್ದು ಕಾಣುವುದಿಲ್ಲ. ಪರದೆಯ ಮೇಲೆ ಚಿತ್ರ ಮೂಡಿಸಲು ಬಳಸುವ ಜಿಡಿಐ ಆಬ್ಜೆಕ್ಟ್‌ಗಳಿಗೆ ಒಂದು ಪ್ರೋಗ್ರಾಮ್‌ಗೆ ಸಾಮಾನ್ಯವಾಗಿ 10,000 ಎಂಬ ಮಿತಿ. ಪ್ರತಿ ಫೋಟೊಗೆ ಒಂದೇ ಒಂದು ಆಬ್ಜೆಕ್ಟ್ ಬಿಟ್ಟುಹೋದರೂ, 30 ಸೆಕೆಂಡಿಗೊಂದು ಫೋಟೊ ಆದರೆ ದಿನಕ್ಕೆ 2,880 ಸೇರುತ್ತವೆ. ಮೂರೂವರೆ ದಿನಕ್ಕೆ ಮಿತಿ ಮುಟ್ಟುತ್ತದೆ. ಆಗ ಚೌಕಟ್ಟು ಕಪ್ಪಾಗುತ್ತದೆ, ಮೆನುವಿನ ಅಕ್ಷರಗಳು ಮಾಯವಾಗುತ್ತವೆ, ಮೆಮೊರಿ ಮಾತ್ರ ಧಾರಾಳ ಖಾಲಿ ಇರುತ್ತದೆ. "ಸೋಮವಾರ ಹಾಕಿದರೆ ಗುರುವಾರ ಕೆಡುತ್ತೆ" ಎಂಬ ದೂರು ಕೇಳಿದರೆ ಮೊದಲು ನೋಡಬೇಕಾದ್ದು ಇದನ್ನೇ. ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಟ್ಯಾಬಿನಲ್ಲಿ ಕಾಲಂ ತಲೆಯ ಮೇಲೆ ಬಲ ಕ್ಲಿಕ್ ಮಾಡಿ, ಸೆಲೆಕ್ಟ್ ಕಾಲಮ್ಸ್ ಒತ್ತಿ, ಜಿಡಿಐ ಆಬ್ಜೆಕ್ಟ್ಸ್ ಟಿಕ್ ಮಾಡಿ. ಆ ಸಂಖ್ಯೆ ಪ್ರತಿ ಫೋಟೊಗೂ ಏರುತ್ತಿದ್ದರೆ ಕಳ್ಳ ಸಿಕ್ಕ.

ಟಾಸ್ಕ್ ಮ್ಯಾನೇಜರ್‌ನಲ್ಲಿ ಯಾವ ಅಂಕಿ ನಂಬಬೇಕು?

ಮೊದಲ ಟ್ಯಾಬಿನಲ್ಲಿ ಕಾಣುವ ಮೆಮೊರಿ, ಆ ಪ್ರೋಗ್ರಾಮ್ ಆ ಕ್ಷಣಕ್ಕೆ ರ‍್ಯಾಮ್‌ನಲ್ಲಿ ತನಗಾಗಿಯೇ ಹಿಡಿದಿರುವ ಭಾಗ. ಬೇರೆ ಪ್ರೋಗ್ರಾಮ್‌ಗಳ ಒತ್ತಡ ಹೆಚ್ಚಿದರೆ ವಿಂಡೋಸ್ ಅದರಲ್ಲಿ ಒಂದಿಷ್ಟನ್ನು ಡಿಸ್ಕಿನಲ್ಲಿರುವ ಪೇಜ್ ಫೈಲ್‌ಗೆ ತಳ್ಳುತ್ತದೆ, ಅಂಕಿ ಇಳಿಯುತ್ತದೆ, ಆದರೆ ಪ್ರೋಗ್ರಾಮ್ ಏನನ್ನೂ ಬಿಟ್ಟುಕೊಟ್ಟಿರುವುದಿಲ್ಲ. ಸೋರಿಕೆ ಹುಡುಕುವಾಗ ಡೀಟೇಲ್ಸ್ ಟ್ಯಾಬಿನ ಕಮಿಟ್ ಸೈಜ್ ಕಾಲಂ ನೋಡಿ, ಪ್ರೋಗ್ರಾಮ್ ಕೇಳಿ ಪಡೆದು ಇನ್ನೂ ಬಿಟ್ಟುಕೊಡದ ಮೆಮೊರಿಯ ಲೆಕ್ಕ ಅದು.

"ಮೆಮೊರಿ ಕಡಿಮೆ ಮಾಡು" ಎಂಬ ಬಟನ್ ಕೊಡಬಹುದಲ್ಲ?

ದಯವಿಟ್ಟು ಇದನ್ನು ಕೇಳಬೇಡಿ. ಇಂಥ ಬಟನ್‌ಗಳು ಮಾಡುವುದು ಮೇಲೆ ಹೇಳಿದ ತಳ್ಳುವ ಕೆಲಸವನ್ನೇ: ಬಳಕೆಯಲ್ಲಿರುವ ಮೆಮೊರಿಯನ್ನು ರ‍್ಯಾಮ್‌ನಿಂದ ಹೊರದಬ್ಬಿ ಅಂಕಿಯನ್ನು ಇಳಿಸುತ್ತವೆ. ಮುಂದಿನ ಫೋಟೊ ಬರುವ ಹೊತ್ತಿಗೆ ಅದೆಲ್ಲ ಮತ್ತೆ ಒಳಗೆ ಬರಬೇಕು. ಹಾರ್ಡ್ ಡಿಸ್ಕ್ ಇರುವ ಹಳೆಯ ಯಂತ್ರದಲ್ಲಿ ಡಿಸ್ಕ್ ಸದ್ದು ಮಾಡುತ್ತ ಫೋಟೊ ತಡವರಿಸಿ ಬರುತ್ತದೆ. ಅಂಕಿ ಚೆನ್ನಾಗಿ ಕಾಣುತ್ತದೆ, ಯಂತ್ರ ನಿಧಾನವಾಗುತ್ತದೆ. ಬೇಕಾದ್ದನ್ನಷ್ಟೇ ಬಿಡಿಸಿ, ಬೇಡವಾದ್ದನ್ನು ತಕ್ಷಣ ಬಿಡುಗಡೆ ಮಾಡುವ ತಂತ್ರಾಂಶಕ್ಕೆ ಈ ಬಟನ್ ಬೇಕಾಗುವುದೇ ಇಲ್ಲ.

ಲಿನಕ್ಸ್‌ನಲ್ಲಿ ತಂತ್ರಾಂಶದ ಮೆಮೊರಿ ಕಡಿಮೆ ಇದೆ, ಆದರೂ ಒಟ್ಟು ರ‍್ಯಾಮ್ ತುಂಬುತ್ತದೆ. ಎಲ್ಲಿ ಹೋಗುತ್ತಿದೆ?

ಹಲವು ಲಿನಕ್ಸ್‌ಗಳಲ್ಲಿ ಪರದೆಗೆ ಚಿತ್ರ ಮೂಡಿಸುವ ಎಕ್ಸ್ ಸರ್ವರ್ ಕಡೆ ನೋಡಿ. ಎಕ್ಸ್ ವ್ಯವಸ್ಥೆಯಲ್ಲಿ ಪರದೆಗೆ ಕಳಿಸಿದ ಚಿತ್ರ, ಅಂದರೆ ಪಿಕ್ಸ್‌ಮ್ಯಾಪ್, ಸರ್ವರ್‌ನ ಲೆಕ್ಕಕ್ಕೆ ಹೋಗುತ್ತದೆ. ಫೋಟೊ ತಂತ್ರಾಂಶ ಅದನ್ನು ಬಿಡುಗಡೆ ಮಾಡದಿದ್ದರೆ ಊದಿಕೊಳ್ಳುವುದು ಸರ್ವರ್. ಯಾವ ಪ್ರೋಗ್ರಾಮ್ ಎಷ್ಟು ಪಿಕ್ಸ್‌ಮ್ಯಾಪ್ ಹಿಡಿದಿದೆ ಎಂದು ಎಕ್ಸ್‌ರೆಸ್‌ಟಾಪ್ ಎಂಬ ಸಾಧನ ತೋರಿಸುತ್ತದೆ. ಟಾಪ್ ಆಜ್ಞೆ ಕೊಡುವ ಪಟ್ಟಿಯ ವರ್ಟ್ ಕಾಲಂ ನೋಡಿ ಗಾಬರಿಯಾಗಬೇಡಿ, ಅದು ಕಾಯ್ದಿರಿಸಿದ ವಿಳಾಸಗಳ ಲೆಕ್ಕ. ನಿಜವಾಗಿ ರ‍್ಯಾಮ್‌ನಲ್ಲಿ ಇರುವುದು ರೆಸ್ ಕಾಲಂ.

8 ಜಿಬಿ ರ‍್ಯಾಮ್‌ನಲ್ಲಿ 5 ಜಿಬಿ ಖಾಲಿ ಇದ್ದರೂ "ಔಟ್ ಆಫ್ ಮೆಮೊರಿ" ಬರುತ್ತದೆ. ಯಾಕೆ?

ನಿಮ್ಮ ತಂತ್ರಾಂಶ ಬಹುಶಃ 32-ಬಿಟ್‌ನದು. 32-ಬಿಟ್ ಪ್ರೋಗ್ರಾಮ್‌ಗೆ ವಿಂಡೋಸ್ ಸಾಮಾನ್ಯವಾಗಿ 2 ಜಿಬಿ ವಿಳಾಸವನ್ನಷ್ಟೇ ಕೊಡುತ್ತದೆ, ಯಂತ್ರದಲ್ಲಿ ಎಷ್ಟೇ ರ‍್ಯಾಮ್ ಇರಲಿ. ಆ 2 ಜಿಬಿಯಲ್ಲೂ ಅಲ್ಲಲ್ಲಿ ಲೈಬ್ರರಿಗಳು ಕೂತಿರುತ್ತವೆ. 108 ಮೆಗಾಪಿಕ್ಸೆಲ್ ಫೋಟೊಗೆ ಬೇಕಾದ 432 ಎಂಬಿ ಒಂದೇ ಪಟ್ಟಿಯಾಗಿ ಸಿಗಬೇಕು. ತುಂಡು ತುಂಡಾಗಿ 1 ಜಿಬಿ ಖಾಲಿ ಇದ್ದರೂ ಪ್ರಯೋಜನವಿಲ್ಲ. ಬಸ್ಸಿನಲ್ಲಿ ಹತ್ತು ಸೀಟು ಖಾಲಿ ಇದ್ದರೂ ಐದು ಜನರ ಮನೆಯವರಿಗೆ ಒಟ್ಟಿಗೆ ಕೂರುವ ಸಾಲು ಸಿಗದಿರುವಂತೆ. ಬೆಳಿಗ್ಗೆ ತೆರೆದ ಫೋಟೊ ಸಂಜೆ ತೆರೆಯದಿರುವುದೂ ಇದೇ ಕಾರಣಕ್ಕೆ.

ಪರಿಹಾರ 64-ಬಿಟ್ ಆವೃತ್ತಿ. ಇರ್ಫಾನ್‌ವ್ಯೂ ಎರಡೂ ಆವೃತ್ತಿಗಳಲ್ಲಿ ಸಿಗುತ್ತದೆ. 64-ಬಿಟ್‌ಗೆ ಹೋಗುವಾಗ ಪ್ಲಗಿನ್‌ಗಳನ್ನೂ 64-ಬಿಟ್‌ನವನ್ನೇ ಹಾಕಬೇಕು. ಹಳೆಯವುಗಳಲ್ಲಿ ಹೆಚ್ಚಿನವು ಅದರಲ್ಲಿ ಓಡುವುದಿಲ್ಲ.

2 ಜಿಬಿ ರ‍್ಯಾಮ್‌ನ ಹಳೆಯ ಕಂಪ್ಯೂಟರಿನಲ್ಲಿ ಮದುವೆ ಆಲ್ಬಂ ತೋರಿಸಬೇಕು. ಆಗುತ್ತದೆಯೇ?

ಚೆನ್ನಾಗಿಯೇ ಆಗುತ್ತದೆ. ಪೆನ್‌ಡ್ರೈವ್‌ನಲ್ಲಿ ಬಂದ ಫೋಟೊಗಳನ್ನು ಹಾಗೇ ಓಡಿಸದೆ, ಪರದೆಯ ಅಳತೆಗೆ ಕುಗ್ಗಿಸಿದ ಪ್ರತಿಗಳನ್ನು ಒಮ್ಮೆ ಮಾಡಿಟ್ಟುಕೊಳ್ಳಿ. ಇರ್ಫಾನ್‌ವ್ಯೂನಲ್ಲಿ ಹೀಗೆ:

ತೆರೆದು ಕೀಬೋರ್ಡಿನಲ್ಲಿ ಬಿ ಒತ್ತಿದರೆ ಬ್ಯಾಚ್ ಕಿಟಕಿ ಬರುತ್ತದೆ. ಬ್ಯಾಚ್ ಕನ್ವರ್ಷನ್ ಆಯ್ದು, ಔಟ್‌ಪುಟ್ ಜೆಪಿಜಿ, ಆಪ್ಷನ್ಸ್‌ನಲ್ಲಿ ಕ್ವಾಲಿಟಿ 85. ನಂತರ ಅಡ್ವಾನ್ಸ್‌ಡ್ ಒತ್ತಿ, ರಿಸೈಜ್ ಟಿಕ್ ಮಾಡಿ, ಉದ್ದದ ಬದಿಗೆ 1920 ಹಾಕಿ. ಅಗಲ-ಎತ್ತರದ ಅನುಪಾತ ಉಳಿಸುವ ಟಿಕ್, ರಿಸ್ಯಾಂಪಲ್ ಟಿಕ್, ಚಿಕ್ಕ ಫೋಟೊಗಳನ್ನು ಹಿಗ್ಗಿಸಬೇಡ ಎಂಬ ಟಿಕ್, ಈ ಮೂರೂ ಇರಲಿ. ಔಟ್‌ಪುಟ್ ಫೋಲ್ಡರ್ ಖಂಡಿತ ಬೇರೆಯೇ ಆಗಿರಲಿ. ಅದೇ ಫೋಲ್ಡರ್‌ಗೆ, ಮೂಲದ ಮೇಲೇ ಬರೆಯುವಂತೆ ಬಿಟ್ಟರೆ ಮೂಲ ಫೋಟೊಗಳು ಹೋದವು ಎಂದೇ ತಿಳಿಯಿರಿ. ಮದುವೆಯನ್ನು ಮತ್ತೊಮ್ಮೆ ತೆಗೆಯಲಾಗುವುದಿಲ್ಲ. ಮೊದಲು 5 ಫೋಟೊಗೆ ಮಾಡಿ ನೋಡಿ, ಆಮೇಲೆ ಎಲ್ಲಕ್ಕೂ ಹಚ್ಚಿ.

6000×4000 ಫೋಟೊ 1920×1280 ಆಗುತ್ತದೆ. 96 ಎಂಬಿ ಬೇಡುತ್ತಿದ್ದದ್ದು 10 ಎಂಬಿಗಿಂತ ಕಡಿಮೆಗೆ ಇಳಿಯುತ್ತದೆ, ಮತ್ತು ಫುಲ್ ಎಚ್‌ಡಿ ಪರದೆಯಲ್ಲಿ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. 4ಕೆ ಟಿವಿಗೆ ಕೊಡುವುದಾದರೆ 1920ರ ಬದಲು 3840 ಹಾಕಿ.

ಫೋಲ್ಡರ್‌ನಲ್ಲಿ 50,000 ಫೋಟೊ ಇದ್ದರೆ ಮೆಮೊರಿ ತುಂಬುವುದಿಲ್ಲವೇ?

ಇಲ್ಲ. ನೆನಪಿಟ್ಟುಕೊಳ್ಳುವುದು ಫೈಲ್ ಹೆಸರುಗಳನ್ನಷ್ಟೇ. ಫೋಲ್ಡರ್ ಹೆಸರೂ ಸೇರಿ ಒಂದೊಂದಕ್ಕೆ 200 ಬೈಟ್ ಹಿಡಿದರೂ 10 ಎಂಬಿ. ಒಂದು 4000×3000 ಫೋಟೊಗಿಂತ ಕಡಿಮೆ. ತೊಂದರೆ ಆಗುವುದು ಆರಂಭದಲ್ಲೇ ಎಲ್ಲದರ ಥಂಬ್‌ನೇಲ್ ಮಾಡಿಕೊಳ್ಳುವ ತಂತ್ರಾಂಶದಲ್ಲಿ: 256×256 ಥಂಬ್‌ನೇಲ್ ಒಂದಕ್ಕೆ 262 ಕೆಬಿ, 50,000ಕ್ಕೆ 13 ಜಿಬಿ. ಕಣ್ಣಿಗೆ ಕಾಣುವಷ್ಟನ್ನೇ ಮಾಡಬೇಕು.

ಮುಂದಿನ ಫೋಟೊಗಳನ್ನು ಮೊದಲೇ ಲೋಡ್ ಮಾಡಿಟ್ಟರೆ ಬೇಗ ಬರುತ್ತದಲ್ಲ? ಎಷ್ಟು ಇಡಬೇಕು?

ಸ್ಲೈಡ್‌ಶೋಗೆ ಒಂದು ಸಾಕು. 30 ಸೆಕೆಂಡ್ ಬಿಡುವಿರುವಾಗ ಹತ್ತನ್ನು ಮೊದಲೇ ಬಿಡಿಸಿಟ್ಟರೆ ಒಂಬತ್ತು ಸುಮ್ಮನೆ ಕೂತಿರುತ್ತವೆ. ಬಾಣದ ಕೀ ಒತ್ತಿ ಹಿಂದೆ ಮುಂದೆ ಓಡಾಡುವವರಿಗೆ ಹಿಂದಿನದೊಂದು, ಮುಂದಿನದೊಂದು. ಲಿನಕ್ಸ್‌ನ ಫೆ ತಂತ್ರಾಂಶದಲ್ಲಿ ಕ್ಯಾಶ್-ಸೈಜ್ ಎಂಬ ಆಯ್ಕೆ ಇದೆ. ಮೊದಲೇ ನಿಗದಿಯಾದ ಅಂಕಿ 4, 2048ರವರೆಗೆ ಏರಿಸಬಹುದು, ಘಟಕ ಮೆಬಿಬೈಟ್ (1024×1024 ಬೈಟ್). ಹತ್ತಿಪ್ಪತ್ತು ಕುಗ್ಗಿಸಿದ ಫೋಟೊಗಳನ್ನೇ ಸುತ್ತಿಸುವ ಅಂಗಡಿ ಪರದೆಗೆ 256 ಕೊಟ್ಟರೆ ಲಾಭವಿದೆ. ಸಾವಿರ ಫೋಟೊಗಳ ಸುತ್ತಿಗೆ ಲಾಭವಿಲ್ಲ, ಅದೇ ಫೋಟೊ ಮತ್ತೆ ಬರುವ ಹೊತ್ತಿಗೆ ಕ್ಯಾಶ್‌ನಿಂದ ಹೊರಬಿದ್ದಿರುತ್ತದೆ.

ಒಂದು ಫೋಟೊ ಕರಗುತ್ತ ಇನ್ನೊಂದು ಮೂಡುವ ಸೌಲಭ್ಯ ಬೇಕು. ದುಬಾರಿಯೇ?

ಚೌಕಟ್ಟಿನ ಅಳತೆ ಮೇಲೆ ನಿಂತಿದೆ. ಹಳೆಯದು, ಹೊಸದು, ಎರಡನ್ನೂ ಬೆರೆಸಿದ್ದು, ಹೀಗೆ ಮೂರು ಪ್ರತಿ ಬೇಕು. 400×300 ಚೌಕಟ್ಟಿಗೆ ಒಟ್ಟು ಒಂದೂವರೆ ಎಂಬಿ, ಫುಲ್ ಎಚ್‌ಡಿಗೆ 25 ಎಂಬಿ, 4ಕೆಗೆ 100 ಎಂಬಿ. ಕೆಲವು ತಂತ್ರಾಂಶಗಳು ಮೂಲ ಅಳತೆಯಲ್ಲೇ ಬೆರೆಸಿ ಆಮೇಲೆ ಕುಗ್ಗಿಸುತ್ತವೆ. 24 ಮೆಗಾಪಿಕ್ಸೆಲ್ ಫೋಟೊಗಳಾದರೆ ಅದು 288 ಎಂಬಿ, ಜೊತೆಗೆ ಪ್ರತಿ ಬದಲಾವಣೆಗೂ ಫ್ಯಾನ್ ಸದ್ದು. ಕೋರಿಕೆಯಲ್ಲಿ "ಕುಗ್ಗಿಸಿದ ಮೇಲೆ ಬೆರೆಸಿ" ಎಂದು ಸ್ಪಷ್ಟವಾಗಿ ಬರೆಯಿರಿ.

ಉದ್ದುದ್ದ ತೆಗೆದ ಫೋಟೊಗಳು ಮಲಗಿಕೊಂಡು ಬರುತ್ತವೆ. ತಿರುಗಿಸುವ ಸೌಲಭ್ಯ ಇಲ್ಲವೇ?

ಫೋನನ್ನು ಹೇಗೆ ಹಿಡಿದು ತೆಗೆದಿರಿ ಎಂಬುದು, ಕ್ಯಾಮೆರಾ ಫೋಟೊ ಫೈಲಿನೊಳಗೇ ಬರೆದಿಡುವ ಎಕ್ಸಿಫ್ ಮಾಹಿತಿಯ ಓರಿಯೆಂಟೇಷನ್ ಎಂಬ ಅಂಕಿಯಲ್ಲಿ ಇರುತ್ತದೆ, 1ರಿಂದ 8ರವರೆಗೆ. 6 ಎಂದಿದ್ದರೆ ತೋರಿಸುವಾಗ ಬಲಕ್ಕೆ 90 ಡಿಗ್ರಿ ತಿರುಗಿಸಬೇಕು, 8 ಎಂದರೆ ಎಡಕ್ಕೆ, 3 ಎಂದರೆ ತಲೆಕೆಳಗು. ಇರ್ಫಾನ್‌ವ್ಯೂ ಸೆಟಿಂಗ್ಸ್‌ನ ಜೆಪಿಜಿ ವಿಭಾಗದಲ್ಲಿ ಎಕ್ಸಿಫ್ ಪ್ರಕಾರ ತಾನೇ ತಿರುಗಿಸುವ ಟಿಕ್ ಇದೆ. ಫೆಯಲ್ಲಿ ಆಟೊ-ರೊಟೇಟ್ ಆಯ್ಕೆ ಇದೆ. ತಿರುಗಿಸಲು ಎರಡನೆಯ ಪ್ರತಿ ಬೇಕಾಗುವುದರಿಂದ ಇಲ್ಲೂ ಕುಗ್ಗಿಸಿ ತಿರುಗಿಸುವುದೇ ಸರಿಯಾದ ಕ್ರಮ.

ಐಫೋನ್ ಫೋಟೊಗಳು ತೆರೆಯುವುದೇ ಇಲ್ಲ.

2017ರಲ್ಲಿ ಬಂದ ಐಒಎಸ್ 11ರಿಂದ ಈಚೆಗೆ ಐಫೋನ್ ಫೋಟೊಗಳನ್ನು ಹೈಕ್ ರೂಪದಲ್ಲಿ ಉಳಿಸುತ್ತದೆ. ಅದರೊಳಗಿನ ಎಚ್‌ಇವಿಸಿ ತಂತ್ರಕ್ಕೆ ಪೇಟೆಂಟ್ ಇರುವುದರಿಂದ ಪುಕ್ಕಟೆ ತಂತ್ರಾಂಶ ಮಾಡುವವರು ಹಿಂಜರಿಯುತ್ತಾರೆ. ಬೇಡ ಎಂಬ ಉತ್ತರ ಬಂದರೆ ಸೋಮಾರಿತನ ಎಂದುಕೊಳ್ಳಬೇಡಿ. ಇನ್ನು ಮುಂದೆ ತೆಗೆಯುವ ಫೋಟೊಗಳಿಗೆ: ಐಫೋನಿನ ಸೆಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್, ಮೋಸ್ಟ್ ಕಂಪ್ಯಾಟಿಬಲ್. ಈಗಾಗಲೇ ಇರುವುದಕ್ಕೆ: ಸೆಟಿಂಗ್ಸ್‌ನ ಫೋಟೋಸ್‌ನಲ್ಲಿ, ಕಂಪ್ಯೂಟರಿಗೆ ವರ್ಗಾಯಿಸುವ ಕಡೆ ಆಟೊಮ್ಯಾಟಿಕ್ ಆಯ್ಕೆ ಮಾಡಿ ಕೇಬಲ್‌ನಲ್ಲಿ ನಕಲಿಸಿದರೆ ಜೆಪೆಗ್ ಆಗಿಯೇ ಬರುತ್ತವೆ.

ರ‍್ಯಾಂಡಮ್ ಇಟ್ಟರೆ ಕೆಲವೇ ಫೋಟೊ ಮತ್ತೆ ಮತ್ತೆ ಬರುತ್ತವೆ. ಭ್ರಮೆಯೇ?

ಭ್ರಮೆಯಲ್ಲ. ಪ್ರತಿ ಸಲ ಚೀಟಿ ಎತ್ತಿ ಮತ್ತೆ ಡಬ್ಬಿಗೇ ಹಾಕುವ ತಂತ್ರಾಂಶದಲ್ಲಿ, 1000 ಫೋಟೊಗಳಿಂದ 1000 ಸಲ ಎತ್ತಿದರೂ ಸುಮಾರು 368 ಫೋಟೊ ಒಮ್ಮೆಯೂ ಬಂದಿರುವುದಿಲ್ಲ. ಇಸ್ಪೀಟು ಕಲಸಿದಂತೆ ಪಟ್ಟಿಯನ್ನು ಒಮ್ಮೆ ಕಲಸಿ, ಮೇಲಿಂದ ಒಂದೊಂದಾಗಿ ತೋರಿಸಬೇಕು. ಮೆಮೊರಿ ವೆಚ್ಚ ನಗಣ್ಯ: 50,000 ಫೋಟೊಗೆ 200 ಕೆಬಿ. ಇಷ್ಟು ಅಗ್ಗಕ್ಕೆ ಇಷ್ಟು ಲಾಭ ಕೊಡುವ ಸೌಲಭ್ಯ ಇನ್ನೊಂದಿಲ್ಲ, ಧೈರ್ಯವಾಗಿ ಕೇಳಿ.

ಫೈಲಿಗೆ ಕನ್ನಡದಲ್ಲಿ ಹೆಸರಿಟ್ಟರೆ ಪ್ರಶ್ನೆ ಚಿಹ್ನೆಗಳು ಬರುತ್ತವೆ, ಇಲ್ಲವೇ ಒತ್ತಕ್ಷರ ಒಡೆಯುತ್ತವೆ.

ಇವು ಎರಡು ಬೇರೆ ಬೇರೆ ದೋಷಗಳು. ಎರಡನ್ನೂ ಬೇರೆ ಬೇರೆಯಾಗಿಯೇ ವರದಿ ಮಾಡಿ.

ಪ್ರಶ್ನೆ ಚಿಹ್ನೆ ಬಂದರೆ ತಂತ್ರಾಂಶ ಯೂನಿಕೋಡ್ ಅಲ್ಲದ ಹಳೆಯ ದಾರಿಯಲ್ಲಿ ಹೆಸರು ಓದುತ್ತಿದೆ. ಆ ದಾರಿಯಲ್ಲಿ ವಿಂಡೋಸ್ ಬಳಸುವ ಕೋಡ್ ಪೇಜ್‌ಗಳಲ್ಲಿ, ಅಂದರೆ ಅಕ್ಷರಪಟ್ಟಿಗಳಲ್ಲಿ, ಕನ್ನಡದ್ದು ಇಲ್ಲ, ಹಾಗಾಗಿ ಪ್ರತಿ ಅಕ್ಷರವೂ ಪ್ರಶ್ನೆ ಚಿಹ್ನೆಯಾಗುತ್ತದೆ. ಆ ಹೆಸರಿನ ಫೈಲ್ ಡಿಸ್ಕಿನಲ್ಲಿ ಇಲ್ಲದ್ದರಿಂದ ಫೋಟೊ ತೆರೆಯುವುದೂ ಇಲ್ಲ. ಫೋಲ್ಡರಿನ ಹೆಸರೊಂದು ಕನ್ನಡದಲ್ಲಿದ್ದರೂ ಸಾಕು, ಒಳಗಿನದೆಲ್ಲ ಕಾಣೆಯಾಗುತ್ತದೆ.

ಒತ್ತಕ್ಷರ ಒಡೆದರೆ ಅದು ಅಕ್ಷರ ಜೋಡಣೆಯ ದೋಷ. "ಸ್ತ್ರೀ" ನಮ್ಮ ಕಣ್ಣಿಗೆ ಒಂದೇ ಅಕ್ಷರ, ಒಳಗೆ ಆರು ಸಂಕೇತ: ಸ, ಹಲಂತ, ತ, ಹಲಂತ, ರ, ಈಕಾರ. ಅವನ್ನು ಕೂಡಿಸಿ ಒಂದು ಆಕಾರ ಮಾಡುವುದು ಶೇಪಿಂಗ್ ಎಂಜಿನ್, ಉದಾಹರಣೆಗೆ ಹಾರ್ಫ್‌ಬಜ್. ಅದಿಲ್ಲದೆ ಫಾಂಟಿನಿಂದ ಒಂದೊಂದೇ ಆಕಾರ ತೆಗೆದು ಬರೆಯುವ ತಂತ್ರಾಂಶ ಆರನ್ನೂ ಸಾಲಾಗಿ ಇಡುತ್ತದೆ. ಕೋರಿಕೆಯಲ್ಲಿ "ಕನ್ನಡ ಸರಿ ಬರುತ್ತಿಲ್ಲ" ಎನ್ನುವ ಬದಲು "ಶೀರ್ಷಿಕೆ ಬರೆಯುವಾಗ ಶೇಪಿಂಗ್ ಆಗುತ್ತಿಲ್ಲ" ಎಂದು ಬರೆದು, "ಸ್ತ್ರೀ", "ಲಕ್ಷ್ಮಿ", "ಅರ್ಕಾವತಿ" ಈ ಮೂರು ಪದಗಳ ಸ್ಕ್ರೀನ್‌ಶಾಟ್ ಲಗತ್ತಿಸಿ. ಮೂರನೆಯದರಲ್ಲಿ ಅರ್ಕಾವೊತ್ತು ಇದೆ, ಅದು ಸರಿ ಬಂದರೆ ಉಳಿದದ್ದೂ ಬಹುತೇಕ ಸರಿ ಬರುತ್ತದೆ. ಇದು ಸರಿಹೋದರೆ ತಮಿಳು, ತೆಲುಗು, ಮಲಯಾಳಂ ಬಳಸುವವರಿಗೂ ಒಟ್ಟಿಗೇ ಸರಿಹೋಗುತ್ತದೆ. ಈ ಮಾತನ್ನೂ ಸೇರಿಸಿ, ಕೋರಿಕೆಗೆ ಬಲ ಬರುತ್ತದೆ.

ಲಿನಕ್ಸ್ ಬಳಸುವವರು ಗಮನಿಸಿ: ಫೈಲ್ ಹೆಸರಿಗೆ 255 ಬೈಟ್ ಮಿತಿ, ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. "ಸ್ತ್ರೀ" ಒಂದೇ 18 ಬೈಟ್. 85 ಸಂಕೇತ ಮೀರಿದ ಉದ್ದದ ಹೆಸರು ವಿಂಡೋಸ್‌ನಲ್ಲಿ ಇಡಬಹುದು, ಲಿನಕ್ಸ್‌ಗೆ ನಕಲಿಸಲು ಬರುವುದಿಲ್ಲ.

ತೆಗೆದ ದಿನಾಂಕದ ಪ್ರಕಾರ ಜೋಡಿಸಿದರೆ ವಾಟ್ಸಾಪ್ ಫೋಟೊಗಳೆಲ್ಲ ಅಸ್ತವ್ಯಸ್ತ.

ವಾಟ್ಸಾಪ್ ಫೋಟೊ ಕಳಿಸುವಾಗ ಎಕ್ಸಿಫ್ ಮಾಹಿತಿ ತೆಗೆದುಹಾಕುತ್ತದೆ. ಆಂಡ್ರಾಯ್ಡ್‌ನಲ್ಲಿ ಉಳಿದಿರುವ ಸುಳಿವು ಫೈಲ್ ಹೆಸರು: ಐಎಂಜಿ-20240115-ಡಬ್ಲ್ಯುಎ0003 ಎಂದರೆ 2024ರ ಜನವರಿ 15. ಅದು ಫೋಟೊ ತೆಗೆದ ದಿನವಲ್ಲ, ವಾಟ್ಸಾಪ್‌ನಲ್ಲಿ ಬಂದ ದಿನ. ಆದರೂ ನಕಲಿಸಿದ ದಿನಾಂಕಕ್ಕಿಂತ ವಾಸಿ. "ಎಕ್ಸಿಫ್ ಇಲ್ಲದಿದ್ದರೆ ಹೆಸರಿನಿಂದ ದಿನಾಂಕ ತೆಗೆ" ಎಂಬುದು ಕೇಳಲು ಯೋಗ್ಯವಾದ ಸೌಲಭ್ಯ.

ಗಿಫ್, ವಿಡಿಯೊ ಕೂಡ ಓಡಿದರೆ ಚೆನ್ನಾಗಿರುತ್ತದೆ.

500×500 ಅಳತೆಯ, ಒಂದರ ಹಿಂದೊಂದು ಬರುವ 100 ಚಿತ್ರಗಳ ಗಿಫ್ ಪೂರ್ತಿ ಬಿಡಿಸಿದರೆ 100 ಎಂಬಿ. ವಿಡಿಯೊ ಬಂದರೆ ಡಿಕೋಡರ್, ಧ್ವನಿ, ಕೋಡೆಕ್ ಎಲ್ಲವೂ ಜೊತೆಗೆ ಬರುತ್ತವೆ. ಸಣ್ಣ ತಂತ್ರಾಂಶ ಸಣ್ಣದಾಗಿ ಉಳಿಯುವುದಿಲ್ಲ. ವಿಡಿಯೊಗೆ ವಿಡಿಯೊ ಪ್ಲೇಯರ್ ಬಳಸಿ.

ಒನ್‌ಡ್ರೈವ್ ಫೋಲ್ಡರ್ ತೋರಿಸಿದ ಮೇಲೆ ಡಿಸ್ಕ್ ತುಂಬಿತು.

ಮೋಡದ ಗುರುತಿನ ಫೈಲ್‌ಗಳು ನಿಮ್ಮ ಯಂತ್ರದಲ್ಲಿ ಇರುವುದಿಲ್ಲ. ಸ್ಲೈಡ್‌ಶೋ ಒಂದೊಂದನ್ನು ತೆರೆದಂತೆ ಅವು ಇಳಿದು ಇಲ್ಲೇ ಉಳಿಯುತ್ತವೆ, ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿದ್ದರೆ ಡೇಟಾ ಪ್ಯಾಕೂ ಖರ್ಚಾಗುತ್ತದೆ. ಬೇಕಾದ 200 ಫೋಟೊಗಳನ್ನು ಕುಗ್ಗಿಸಿ ಬೇರೆ ಫೋಲ್ಡರ್‌ನಲ್ಲಿ ಇಡಿ.

ತೋರಿಸುತ್ತಿರುವ ಫೋಟೊ ಡಿಲೀಟ್ ಮಾಡಲು ಹೋದರೆ "ಫೈಲ್ ಬಳಕೆಯಲ್ಲಿದೆ" ಎನ್ನುತ್ತದೆ.

ಮೈಕ್ರೋಸಾಫ್ಟ್‌ನ ಡಾಟ್‌ನೆಟ್‌ನಲ್ಲಿ ಬರೆದ ತಂತ್ರಾಂಶಗಳಲ್ಲಿ ಹೆಚ್ಚು ಕಾಣುವ ದೋಷ. ಅಲ್ಲಿ ಫೈಲಿನಿಂದ ನೇರವಾಗಿ ಚಿತ್ರ ತೆರೆಯುವ ಸುಲಭದ ದಾರಿ, ಆ ಚಿತ್ರವನ್ನು ಬಿಡುಗಡೆ ಮಾಡುವವರೆಗೆ ಫೈಲಿಗೆ ಬೀಗ ಹಾಕಿರುತ್ತದೆ. ಮೊದಲು ಬೈಟ್‌ಗಳನ್ನು ಓದಿ, ಕುಗ್ಗಿಸಿದ ಪ್ರತಿ ಮಾಡಿಕೊಂಡು, ಮೂಲವನ್ನು ಮುಚ್ಚಿಬಿಟ್ಟರೆ ಬೀಗವೂ ಹೋಗುತ್ತದೆ, ಮೆಮೊರಿಯೂ ಇಳಿಯುತ್ತದೆ. ಹಿಂದೆ ತೋರಿಸಿದ ಫೋಟೊವನ್ನೂ ಡಿಲೀಟ್ ಮಾಡಲಾಗದಿದ್ದರೆ ಸೋರಿಕೆ ಇದೆ ಎಂಬುದಕ್ಕೆ ಅದೇ ಸಾಕ್ಷಿ.

ವಿಂಡೋಸ್ 7ರಲ್ಲಿದ್ದ ಸ್ಲೈಡ್‌ಶೋ ಗ್ಯಾಜೆಟ್ ವಾಪಸ್ ತರಬಹುದೇ?

ಬೇಡ. ಗ್ಯಾಜೆಟ್‌ಗಳ ಮೂಲಕ ಹೊರಗಿನವರು ಯಂತ್ರದೊಳಗೆ ನುಗ್ಗಬಹುದಾದ ದೋಷಗಳಿದ್ದವು. 2012ರ ಜುಲೈನಲ್ಲಿ ಮೈಕ್ರೋಸಾಫ್ಟ್‌ನವರೇ ಅವನ್ನು ಆರಿಸಿಬಿಡುವ ಸಾಧನ ಕೊಟ್ಟರು, ವಿಂಡೋಸ್ 8ರಲ್ಲಿ ಪೂರ್ತಿ ಕೈಬಿಟ್ಟರು. ಅದೇ ನೋಟ ಬೇಕಿದ್ದರೆ ಅಂಚಿಲ್ಲದ, ಯಾವಾಗಲೂ ಮೇಲಿರುವ ಚಿಕ್ಕ ಕಿಟಕಿ ಎಂದು ಹೊಸ ತಂತ್ರಾಂಶದಲ್ಲಿ ಕೇಳಿ.

ಕೋರಿಕೆ ಹೇಗೆ ಬರೆದರೆ ಕೆಲಸ ಆಗುತ್ತದೆ?

ಒಂದು ಕೋರಿಕೆಗೆ ಒಂದೇ ವಿಷಯ. ಯಾವ ಬಟನ್ ಬೇಕು ಎನ್ನುವುದಕ್ಕಿಂತ ಏನು ಮಾಡಲು ಹೊರಟು ಎಲ್ಲಿ ನಿಂತಿರಿ ಎಂಬುದನ್ನು ಬರೆಯಿರಿ. ಅಂಕಿಗಳು ಇರಲಿ: ಎಷ್ಟು ಫೋಟೊ, ಎಷ್ಟು ಪಿಕ್ಸೆಲ್, ಯಾವ ರೂಪ, ಚೌಕಟ್ಟಿನ ಅಳತೆ, ಬದಲಾವಣೆಯ ಅವಧಿ, ತಂತ್ರಾಂಶದ ಆವೃತ್ತಿ, 32 ಬಿಟ್ಟೋ 64 ಬಿಟ್ಟೋ, ವಿಂಡೋಸ್ ಆವೃತ್ತಿ. "ತುಂಬಾ ಮೆಮೊರಿ ತಿನ್ನುತ್ತೆ, ಸರಿಮಾಡಿ" ಎಂಬುದನ್ನು ಓದಿದವರಿಗೆ ಎಲ್ಲಿ ಹುಡುಕಬೇಕೆಂದೇ ತಿಳಿಯುವುದಿಲ್ಲ. ಇದನ್ನು ನೋಡಿ:

"ವಿಂಡೋಸ್ 10, 64-ಬಿಟ್ ಆವೃತ್ತಿ. 6000×4000 ಜೆಪೆಗ್ 10 ಫೋಟೊ, ಚೌಕಟ್ಟು 400×300, 5 ಸೆಕೆಂಡಿಗೊಂದು. ಮೊದಲ ಸುತ್ತಿನ ನಂತರ ಕಮಿಟ್ ಸೈಜ್ 140 ಎಂಬಿ, ಒಂದು ಗಂಟೆಯ ನಂತರವೂ 140. ಸೋರಿಕೆ ಇಲ್ಲ. ಆದರೆ ಚಿಕ್ಕ ಚೌಕಟ್ಟಿಗೆ ಪೂರ್ತಿ ಬಿಡಿಸುತ್ತಿದೆ ಅನಿಸುತ್ತಿದೆ: ಅದೇ ಫೋಟೊ ಪಿಎನ್‌ಜಿ ಇಟ್ಟರೂ ಅಷ್ಟೇ ಬರುತ್ತದೆ. ಜೆಪೆಗ್ ಅನ್ನು ಎಂಟನೇ ಒಂದು ಅಳತೆಗೆ ಬಿಡಿಸಲು ಸಾಧ್ಯವೇ?"

ಇಂಥದ್ದಕ್ಕೆ ಅದೇ ವಾರ ಉತ್ತರ ಬಂದರೂ ಆಶ್ಚರ್ಯವಿಲ್ಲ. ಇಂಗ್ಲಿಷ್ ಚೆನ್ನಾಗಿ ಬರುವುದಿಲ್ಲ ಎಂದು ಸುಮ್ಮನಿರಬೇಡಿ, ಈ ಅಂಕಿಗಳಿಗೆ ಭಾಷಾಂತರ ಬೇಕಿಲ್ಲ. ಫೋಟೊ ಲಗತ್ತಿಸುವುದಾದರೆ ಮನೆಮಂದಿಯ ಫೋಟೊ ಬೇಡ; ಗೋಡೆಯದೋ ಮರದ್ದೋ ಅದೇ ಕ್ಯಾಮೆರಾದಲ್ಲಿ ತೆಗೆದು, ವಾಟ್ಸಾಪ್ ಮೂಲಕ ಹಾಯಿಸದೆ ಮೂಲ ಫೈಲನ್ನೇ ಕಳಿಸಿ. ಕಳಿಸುವ ಮೊದಲು ಜಿಪಿಎಸ್ ಆರಿಸಿ ತೆಗೆದಿದ್ದೀರಾ ಎಂದು ನೋಡಿಕೊಳ್ಳಿ, ಇಲ್ಲದಿದ್ದರೆ ಎಕ್ಸಿಫ್‌ನಲ್ಲಿ ನಿಮ್ಮ ಮನೆಯ ಜಾಗವೂ ಹೋಗುತ್ತದೆ.